ಹೊಗೆ ಬೆವರಿದರೆ ಹುಳಿನೀರು

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ, ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ಊರಿನಲ್ಲಿ, ಬಚ್ಚಲುಮನೆಯ ತಾಮ್ರದ ಹಂಡೆಗೆ ಒಂದು ದಿನದ ಮಟ್ಟಿಗೆ ದೇವರ ಪಟ್ಟ. ವರ್ಷವೆಲ್ಲ ಹೊಗೆ ಕುಡಿದು ಮೂಲೆಯಲ್ಲಿ ಕುಳಿತಿದ್ದ ಅದನ್ನು ಮನೆಯ ಹೆಂಗಸರು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ನೋಡುನೋಡುತ್ತಿದ್ದಂತೆ ಕಿಲುಬು ಕರಗಿ ತಾಮ್ರ ಹೊಸ ಕಾಸಿನಂತೆ ಹೊಳೆಯುತ್ತದೆ. ಆಮೇಲೆ ಕೊರಳಿನ ಸುತ್ತ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಪಟ್ಟೆ, ಒಂದೆಳೆ ಹೂವು. ತೊಳೆದ ಹಂಡೆಗೆ ನೀರು ತುಂಬಿ ಪೂಜೆ ಮಾಡಿ, ಮರುದಿನ ನಸುಕಿನಲ್ಲಿ ಎಣ್ಣೆನೀರಿಗೆ ಉರಿ ಹಾಕುತ್ತಾರೆ.

ಹುಳಿ ತಿಕ್ಕುವುದು, ಸುಣ್ಣ ಬಳಿಯುವುದು: ಒಂದೇ ಹಂಡೆಯ ಮೈಮೇಲೆ ಒಂದೇ ಸಂಜೆ ನಡೆಯುವ ಈ ಎರಡು ಕೆಲಸಗಳನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನೀರು ಕಾಯಿಸುವ ಆಧುನಿಕ ಯಂತ್ರದ ತೊಡಕೊಂದು ಹುಳಿಯಿಂದ ಹುಟ್ಟಿ ಸುಣ್ಣದಿಂದ ಬಗೆಹರಿಯುತ್ತದೆ.

ತೆಂಗಿನ ಸೀಮೆಯಲ್ಲಿ ನೀರೊಲೆಯ ಸೌದೆಗೆ ಬರವಿಲ್ಲ. ಎಡೆಮಟ್ಟೆ, ಗರಿ, ಕಾಯಿ ಸುಲಿದ ಸಿಪ್ಪೆ, ಒಣಗಿದ ಹೊಂಬಾಳೆ, ಎಲ್ಲವೂ ತೋಟದ್ದೇ. ಮಾಗಿಯ ಬೆಳಗಿನಲ್ಲಿ ಈ ಒಲೆಗಳು ಹೊತ್ತಿಕೊಂಡಾಗ ಹೊಗೆ ಹೆಂಚಿನ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ತಗಡಿನ ಹೊಗೆಕೊಳವೆ ಹಾಕಿಸಿದ ಮನೆಗಳಲ್ಲಿ ಇನ್ನೊಂದು ಸಂಗತಿಯನ್ನೂ ಕಾಣಬಹುದು. ಹೊರಗೆ ಚಳಿ ಬಲವಾಗಿದ್ದರೆ ಕೊಳವೆಯ ಬಾಗಿನಿಂದ ಕಂದುಬಣ್ಣದ ನೀರು ತೊಟ್ಟಿಕ್ಕುತ್ತದೆ. ಮೂಸಿದರೆ ಸುಟ್ಟ ವಾಸನೆಯ ಹಿಂದೆಯೇ ಮೂಗಿಗೆ ಚುಚ್ಚುವ ಹುಳಿ. ತಗಡು ಮೊದಲು ತೂತಾಗುವುದೂ ಆ ಬಾಗಿನಲ್ಲಿಯೇ. ತಗಡು ಕಳಪೆಯೆಂದು ಅಂಗಡಿಯವನನ್ನು ಬಯ್ಯುವುದು ವಾಡಿಕೆ. ತಪ್ಪು ಬಹುಪಾಲು ಆ ನೀರಿನದು.

ಒಣಸೌದೆ ಉರಿಸಿದರೆ ನೀರೆಲ್ಲಿಂದ ಬಂತು?

ಬೆಂಕಿಯಿಂದ ನೀರೇ?

ಇದಕ್ಕೆ ಉತ್ತರ ಕನ್ನಡದ ಒಂದು ಶಬ್ದದಲ್ಲಿಯೇ ಅಡಗಿದೆ. ಹೈಡ್ರೋಜನ್ ಅನಿಲಕ್ಕೆ ಜಲಜನಕವೆಂದು ಹೆಸರಷ್ಟೆ. ಜಲವನ್ನು ಹುಟ್ಟಿಸುವುದು ಜಲಜನಕ. ಫ್ರಾನ್ಸಿನ ಲವಾಸಿಯೇ 1780ರ ದಶಕದಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ಅರ್ಥವೂ ಅದೇ. ಆ ಅನಿಲ ಉರಿದಾಗ ನೀರಾಗುತ್ತದೆಂಬುದನ್ನು ಇಂಗ್ಲೆಂಡಿನ ಕ್ಯಾವೆಂಡಿಶ್ ಆ ದಶಕದಲ್ಲಿಯೇ ಪ್ರಯೋಗದಿಂದ ಕಂಡಿದ್ದನು. ಅದೇ ಲವಾಸಿಯೇ ಆಕ್ಸಿಜನ್ನಿಗೆ ಇಟ್ಟ ಹೆಸರಿನ ಕನ್ನಡವೇ ಆಮ್ಲಜನಕ, ಎಂದರೆ ಹುಳಿಯನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಿಗೂ ಅದೇ ಮೂಲವೆಂದು ಆತ ತಿಳಿದದ್ದು ಮುಂದೆ ತಪ್ಪಾಯಿತು. ಹೆಸರು ಮಾತ್ರ ಉಳಿದುಕೊಂಡಿತು. ಆದರೆ ಒಲೆಯ ವಿಷಯದಲ್ಲಿ ಈ ಇಬ್ಬರು ಜನಕರೂ ಹೆಸರಿಗೆ ತಕ್ಕಂತೆಯೇ ನಡೆದುಕೊಳ್ಳುತ್ತಾರೆ.

ಸೌದೆ, ಸೀಮೆಎಣ್ಣೆ, ಅಡುಗೆ ಅನಿಲ ಯಾವುದಾದರೂ ಆಗಲಿ, ಅದರಲ್ಲಿ ಇಂಗಾಲದ ಜೊತೆಗೆ ಜಲಜನಕ ಇದ್ದೇ ಇರುತ್ತದೆ. ಉರಿದಾಗ ಇಂಗಾಲವು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ, ಜಲಜನಕವು ನೀರಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಉರಿದರೆ ಅರ್ಧ ಕಿಲೋಗೂ ತುಸು ಮಿಕ್ಕಿ ನೀರು ಹುಟ್ಟುತ್ತದೆ. ಸೌದೆಯಲ್ಲಿ ಮೊದಲೇ ಇದ್ದ ಹಸಿ ಬೇರೆ. ಅಡುಗೆಮನೆಯ 14.2 ಕಿಲೋ ಸಿಲಿಂಡರು ಪೂರ್ತಿ ಉರಿದು ಖಾಲಿಯಾಗುವ ಹೊತ್ತಿಗೆ ಸುಮಾರು 22 ಲೀಟರು ನೀರನ್ನು ಹುಟ್ಟಿಸಿರುತ್ತದೆ. ಹೊತ್ತು ತಂದ ಸಿಲಿಂಡರಿನೊಳಗಿನ ಅನಿಲಕ್ಕಿಂತ ಅದು ಹೆತ್ತ ನೀರೇ ಹೆಚ್ಚು ತೂಕ! ಗಾಳಿಯ ಆಮ್ಲಜನಕ ಬಂದು ಕೂಡಿಕೊಳ್ಳುವುದರಿಂದ ಹೀಗಾಗುತ್ತದೆ. ಈ ನೀರೆಲ್ಲ ಆವಿಯ ರೂಪದಲ್ಲಿ ಕಣ್ಣಿಗೆ ಕಾಣದೆ ಹೊರಟುಹೋಗುವುದರಿಂದ ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಗೆ ಹೊರಟುಹೋಗುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ. ನೀರು ಆವಿಯಾಗಬೇಕಾದರೆ ಬಹಳ ಶಾಖವನ್ನು ನುಂಗಬೇಕು. ಆ ಶಾಖದಿಂದ ಅದರ ಬಿಸಿ ಏರುವುದಿಲ್ಲ, ಒಳಗೇ ಅಡಗಿರುತ್ತದೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಕಂಡುಹಿಡಿದ ಗುಪ್ತೋಷ್ಣವೆಂದರೆ ಇದೇ. ಆವಿ ಮತ್ತೆ ನೀರಾಗುವಾಗ ಬಚ್ಚಿಟ್ಟುಕೊಂಡಿದ್ದುದನ್ನೆಲ್ಲ ಕಕ್ಕಿಬಿಡುತ್ತದೆ. ನಳಿಗೆಯಲ್ಲಿ ಬರುವ ನೈಸರ್ಗಿಕ ಅನಿಲವನ್ನು ಉರಿಸಿದಾಗ, ಹೊಗೆಯೊಡನೆ ಹೋಗುವ ಆವಿಯಲ್ಲಿ ಬಳಕೆಗೆ ಸಿಕ್ಕ ಶಾಖದ ನೂರಕ್ಕೆ ಹನ್ನೊಂದರಷ್ಟು ಅಡಗಿರುತ್ತದೆ. ಅನಿಲಕ್ಕೆ ದುಡ್ಡು ಕೊಟ್ಟು, ಹತ್ತರಲ್ಲೊಂದು ಪಾಲಿನಷ್ಟನ್ನು ಆಕಾಶಕ್ಕೆ ದಾನ ಮಾಡಿದಂತಾಯಿತು.

ಗೋಡೆಯ ಮೇಲಿನ ಪೆಟ್ಟಿಗೆ

ಹಾಲ್ಕುರಿಕೆಯ ತೋಟದ ಮನೆಯ ಹುಡುಗನೊಬ್ಬನು ಓದಿ, ಇಂಗ್ಲೆಂಡಿನಲ್ಲಿ ಕೆಲಸ ಹಿಡಿದು, ಅಲ್ಲಿಯೇ ಮನೆ ಮಾಡಿದನೆಂದಿಟ್ಟುಕೊಳ್ಳಿ. ಊರಿನಿಂದ ತಾಯಿ ಫೋನಿನಲ್ಲಿ ವಿಚಾರಿಸುತ್ತಾಳೆ:

“ಅಷ್ಟು ಚಳೀಲಿ ಸ್ನಾನಕ್ಕೆ ನೀರು ಹೆಂಗಪ್ಪಾ ಕಾಯಿಸ್ತೀರಿ?”

“ಗೋಡೆ ಮೇಲೆ ಒಂದು ಪೆಟ್ಟಿಗೆ ಇದೆ ಕಣಮ್ಮ. ಗ್ಯಾಸಿಂದು. ಅದೇ ನೀರು ಕಾಯಿಸುತ್ತೆ, ಮನೇನೂ ಬೆಚ್ಚಗಿಡುತ್ತೆ.”

“ಬೂದಿ ಎಲ್ಲಿಗೆ ಹಾಕ್ತೀರಿ ಮತ್ತೆ?”

“ಬೂದಿ ಬರಲ್ಲಮ್ಮ. ನೀರು ಬರುತ್ತೆ.”

“ಬೆಂಕಿಯಿಂದ ನೀರಾ? ಸರಿಹೋಯ್ತು!”

ಆ ಪೆಟ್ಟಿಗೆಯೇ ಕಂಡೆನ್ಸಿಂಗ್ ಬಾಯ್ಲರು. ಮನೆಬಳಕೆಗೆ ಅದನ್ನು ಮೊದಮೊದಲು ಹರಡಿದ ಕೀರ್ತಿ ಡಚ್ಚರದು. 1980ರ ದಶಕದ ಆರಂಭದಿಂದ ಹಾಲೆಂಡಿನ ಮನೆಗಳಲ್ಲಿ ಅದು ಬಳಕೆಗೆ ಬಂದಿತು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 2005ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೊಸದಾಗಿ ಕೂಡಿಸುವ ಗ್ಯಾಸ್ ಬಾಯ್ಲರುಗಳೆಲ್ಲ ಈ ಜಾತಿಯವೇ ಆಗಿರಬೇಕೆಂದು ಕಟ್ಟಡದ ನಿಯಮವಾಯಿತು. ಅಲ್ಲಿ ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳಲ್ಲಿ ಎಷ್ಟೋ ಮನೆಗಳ ಹಂಡೆ ಇಂದು ಇದೇ.

ಇದರ ಕೌಶಲವಿರುವುದು ಹೊಗೆಯನ್ನು ಸುಲಭವಾಗಿ ಬಿಟ್ಟುಕೊಡದಿರುವುದರಲ್ಲಿ. ಹಳೆಯ ಬಾಯ್ಲರಿನಿಂದ ಹೊಗೆ ಸುಡುಬಿಸಿಯಾಗಿಯೇ ಹೊರಗೆ ಹೋಗುತ್ತಿತ್ತು. ಹೊಸದರಲ್ಲಿ, ಮನೆಯನ್ನೆಲ್ಲ ಸುತ್ತಿ ತಣಿದು ಹಿಂದಿರುಗುವ ನೀರಿನ ಕೊಳವೆಗಳ ಮೇಲೆ ಅದನ್ನು ಹಾಯಿಸುತ್ತಾರೆ. ಸುಮಾರು 55 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೊಗೆ ಇಳಿಯಿತೆಂದರೆ ಅದರಲ್ಲಿನ ಆವಿ ಬೆವರತೊಡಗುತ್ತದೆ. ಗುಪ್ತೋಷ್ಣವು ಕೊಳವೆಯೊಳಗಿನ ನೀರಿಗೆ ದಕ್ಕುತ್ತದೆ, ಬೆವರು ತಳಕ್ಕಿಳಿಯುತ್ತದೆ. ಉಳಿದ ಹೊಗೆಗೆ ಮೇಲೇರುವ ಕಸುವೂ ಇಲ್ಲದುದರಿಂದ ಒಂದು ಬೀಸಣಿಗೆ ಅದನ್ನು ಹೊರಕ್ಕೆ ತಳ್ಳುತ್ತದೆ. ಚಳಿಗಾಲದಲ್ಲಿ ಆ ಮನೆಗಳ ಗೋಡೆಯಿಂದ ಮೋಡದಂತೆ ಹೊರಬರುವುದು ಹೊಗೆಯಲ್ಲ, ಹಬೆ.

ಕೆಳಗೆ ಸೇರಿದ ಬೆವರು ಗಂಟೆಗೆ ಒಂದೆರಡು ಲೀಟರಿನಷ್ಟಾಗಬಹುದು. ನೋಡುವುದಕ್ಕೆ ಸ್ಫಟಿಕದಂಥ ತಿಳಿನೀರು. ಬಣ್ಣವಿಲ್ಲ, ಹೆಚ್ಚು ವಾಸನೆಯಿಲ್ಲ. ಹಾಲ್ಕುರಿಕೆಯ ತಗಡಿನ ಕೊಳವೆಯಿಂದ ತೊಟ್ಟಿಕ್ಕುವ ಕಂದುನೀರಿಗೂ ಇದಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ. ಆದರೂ ಇದೂ ಹುಳಿಯೇ.

ಉರಿಯ ಬಿಸಿಯಲ್ಲಿ ಗಾಳಿಯ ಸಾರಜನಕವು ಆಮ್ಲಜನಕದೊಡನೆ ಸ್ವಲ್ಪಮಟ್ಟಿಗೆ ಕೂಡಿಕೊಳ್ಳುತ್ತದೆ. ಅದು ನೀರಿನಲ್ಲಿ ಕರಗಿದರೆ ನೈಟ್ರಿಕ್ ಮತ್ತು ನೈಟ್ರಸ್ ಆಮ್ಲಗಳು. ಇಂಗಾಲದ ಡೈ ಆಕ್ಸೈಡ್ ಕರಗಿ ಕಾರ್ಬಾನಿಕ್ ಆಮ್ಲ. ಗಂಧಕವಿರುವ ಎಣ್ಣೆಯನ್ನು ಉರಿಸುವ ಬಾಯ್ಲರಾದರೆ ಗಂಧಕದ ಆಮ್ಲವೂ ಬಂದು ಸೇರಿ ನೀರು ಇನ್ನೂ ತೀಕ್ಷ್ಣವಾಗುತ್ತದೆ. ಹುಳಿಯನ್ನು ಅಳೆಯಲು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಹಾಕಿಕೊಟ್ಟ ಪಿ.ಎಚ್. ಎಂಬ ಅಳತೆಗೋಲಿನಲ್ಲಿ ಶುದ್ಧ ಜಲ 7. ಅಂಕೆ ಇಳಿದಷ್ಟೂ ಹುಳಿ ಹೆಚ್ಚು. ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ನಿಂಬೆರಸ ಎರಡರ ಆಸುಪಾಸು. ಹುಳಿಬಂದ ಮಜ್ಜಿಗೆ ನಾಲ್ಕರ ಆಸುಪಾಸು. ಗ್ಯಾಸ್ ಬಾಯ್ಲರಿನ ಬೆವರು ಸಾಮಾನ್ಯವಾಗಿ ಮೂರರಿಂದ ನಾಲ್ಕೂವರೆಯವರೆಗೆ. ನಿಂಬೆಗೂ ಮಜ್ಜಿಗೆಗೂ ನಡುವಿನದು ಎಂದರಾಯಿತು.

ಮಜ್ಜಿಗೆಯಷ್ಟು ಹುಳಿಗೆ ಹೆದರುವುದೇಕೆ ಎಂದು ಕೇಳಬಹುದು. ಕೈಮೇಲೆ ಒಂದು ತೊಟ್ಟು ಬಿದ್ದರೆ ಏನೂ ಆಗದು, ನಿಜ. ಹೆದರಿಕೆಯಿರುವುದು ಅದರ ಬಲಕ್ಕಲ್ಲ, ಅದರ ಹಟಕ್ಕೆ. ವರ್ಷದಲ್ಲಿ ಆರು ತಿಂಗಳು, ಹಗಲಿರುಳು, ಒಂದೇ ಜಾಗದಲ್ಲಿ ತೊಟ್ಟಿಕ್ಕುವ ಹುಳಿಯದು. ಹುಣಸೆಹಣ್ಣು ಒಂದು ಸಂಜೆಯಲ್ಲಿ ಹಂಡೆಯ ಕಿಲುಬನ್ನು ಕರಗಿಸುತ್ತದೆಯಲ್ಲವೆ? ಅದೇ ಹುಣಸೆಹಣ್ಣಿನ ನೀರನ್ನು ಹಂಡೆಯಲ್ಲಿ ತಿಂಗಳುಗಟ್ಟಲೆ ತುಂಬಿಟ್ಟರೆ ತಾಮ್ರವೇ ನೀರಿಗಿಳಿದೀತು. ಹುಳಿ ಪದಾರ್ಥವನ್ನು ಕಲಾಯಿಯಿಲ್ಲದ ಪಾತ್ರೆಯಲ್ಲಿ ಇಡಬಾರದೆಂದು ಹಿರಿಯರು ವಿಧಿಸಿದ್ದು ಇದೇ ಕಾರಣಕ್ಕೆ. ಬಾಯ್ಲರಿನ ಬೆವರು ತಾಮ್ರದ, ಕಬ್ಬಿಣದ, ಸತುವಿನ ಲೇಪದ ಕೊಳವೆಗಳನ್ನು ತಿನ್ನುತ್ತದೆ. ಸಿಮೆಂಟಿನ ಗಾರೆಯಲ್ಲಿರುವುದೇ ಸುಣ್ಣವಾದುದರಿಂದ ಅದನ್ನೂ ಸವೆಸುತ್ತದೆ.

ಸುಣ್ಣಕಲ್ಲಿನ ಉಪಾಯ

ಆದುದರಿಂದ ಮೊದಲ ನಿಯಮ ಕೊಳವೆಯದು. ಬೆವರನ್ನು ಒಯ್ಯುವ ನಾಳ ಪ್ಲಾಸ್ಟಿಕ್ಕಿನದಾಗಿರಬೇಕು. ಎಲ್ಲಿಯೂ ನಿಲ್ಲದಂತೆ ಇಳಿಜಾರಾಗಿರಬೇಕು. ಬ್ರಿಟನ್ನಿನಲ್ಲಿ ಅದನ್ನು ಆದಷ್ಟೂ ಮನೆಯೊಳಗಿನ ಅಡುಗೆಮನೆಯ ಅಥವಾ ಬಚ್ಚಲಿನ ಪ್ಲಾಸ್ಟಿಕ್ ಕೊಳವೆಗೆ ಸೇರಿಸುವುದನ್ನೇ ಮೆಚ್ಚುತ್ತಾರೆ. ಪಾತ್ರೆ ಬಟ್ಟೆ ತೊಳೆದ ಸಾಬೂನಿನ ನೀರು ಕ್ಷಾರಗುಣದ್ದು. ಅದರೊಡನೆ ಬೆರೆತಾಗ ಹುಳಿಯ ಕೊಬ್ಬು ಬಹುಮಟ್ಟಿಗೆ ಇಳಿಯುತ್ತದೆ. ಹೀಗಾಗಿಯೇ ಜರ್ಮನಿಯ ನಿಯಮಗಳು ಸಣ್ಣ ಮನೆಯ ಗ್ಯಾಸ್ ಬಾಯ್ಲರಿಗೆ ಬೇರೆ ಚಿಕಿತ್ಸೆಯನ್ನು ಕಡ್ಡಾಯ ಮಾಡಿಲ್ಲ. 200 ಕಿಲೋವ್ಯಾಟಿಗೆ ಮೀರಿದ ದೊಡ್ಡ ಬಾಯ್ಲರುಗಳ ನೀರನ್ನು ಮಾತ್ರ ತಟಸ್ಥಗೊಳಿಸಿಯೇ ಚರಂಡಿಗೆ ಬಿಡಬೇಕು. ಈ ವಿವೇಚನೆ ಮೆಚ್ಚತಕ್ಕದ್ದು. ಎಲ್ಲ ಹುಳಿಯೂ ವಿಷವೆಂದು ಕೂಗಾಡುವುದರಿಂದ ಬಾಯ್ಲರು ಮಾರುವವರಿಗೆ ಇನ್ನೊಂದು ಸಾಮಾನು ಮಾರಲು ದಾರಿಯಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಆದರೆ ಚರಂಡಿ ಹಳೆಯ ಕಬ್ಬಿಣದ್ದಾಗಿದ್ದರೆ, ಮನೆಯ ನೀರೆಲ್ಲ ಸ್ವಂತದ ಸೆಪ್ಟಿಕ್ ಗುಂಡಿಗೆ ಹೋಗುತ್ತಿದ್ದರೆ, ಅಥವಾ ನೇರವಾಗಿ ಮಣ್ಣಿಗೆ ಬಿಡುವುದೇ ಗತಿಯಾದರೆ, ಆಗ ಸುಣ್ಣಕಲ್ಲು ಬೇಕು. ಸೆಪ್ಟಿಕ್ ಗುಂಡಿಯಲ್ಲಿ ಕೊಳೆಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೆ ದಿನವೂ ಇಷ್ಟಿಷ್ಟು ಹುಳಿ ಹಿತವಲ್ಲ.

ಉಪಕರಣವೇನೂ ಘನವಾದದ್ದಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ಅಥವಾ ದಪ್ಪ ಕೊಳವೆ. ಅದರೊಳಗೆ ಅವರೆಕಾಳಿಗಿಂತ ಸ್ವಲ್ಪ ದಪ್ಪನಾದ ಸುಣ್ಣಕಲ್ಲಿನ ಅಥವಾ ಅಮೃತಶಿಲೆಯ ಚೂರುಗಳು. ಹುಳಿನೀರು ಒಂದು ಕಡೆಯಿಂದ ಒಳಹೊಕ್ಕು, ಚೂರುಗಳ ನಡುವೆ ನಿಧಾನವಾಗಿ ನುಸುಳಿ, ಇನ್ನೊಂದು ಕಡೆ ಹೊರಬರಬೇಕು. ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಡುವಂತೆ ಮಾಡಿದರೆ ಎಲ್ಲ ಚೂರುಗಳೂ ನೆನೆಯುತ್ತವೆ. ಆಮ್ಲವು ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ತಿನ್ನುತ್ತದೆ. ತಿಂದು ತನ್ನ ಹುಳಿಯನ್ನು ಕಳೆದುಕೊಳ್ಳುತ್ತದೆ. ಇಂಗಾಲದ ಡೈ ಆಕ್ಸೈಡ್ ಗುಳ್ಳೆಯಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಪಿ.ಎಚ್. 3ರ ಸಾವಿರ ಲೀಟರು ನೀರಿನಲ್ಲಿರುವ ಹುಳಿಯನ್ನು ಕೊಲ್ಲಲು ಶುದ್ಧ ಸುಣ್ಣಕಲ್ಲು 50 ಗ್ರಾಂ ಸಾಕು. ಕಾರ್ಬಾನಿಕ್ ಆಮ್ಲಕ್ಕೆ ಕರಗುವ ಪಾಲು ಬೇರೆ. ಚೂರುಗಳ ಮೇಲೆ ಕಾಲಕ್ರಮದಲ್ಲಿ ಲೋಳೆಯೂ ಹೊಟ್ಟೂ ಕಟ್ಟಿ ಕಲ್ಲು ಮಂಕಾಗುವುದರಿಂದ ವ್ಯವಹಾರದಲ್ಲಿ ಒಂದೆರಡು ಕಿಲೋ ತುಂಬುತ್ತಾರೆ. ವರ್ಷಕ್ಕೊಮ್ಮೆ ತೆಗೆದು ತೊಳೆದು, ಸವೆದಷ್ಟನ್ನು ಹೊಸದಾಗಿ ಹಾಕುತ್ತಾರೆ. ಹೊರಬಂದ ನೀರಿಗೆ ಪಿ.ಎಚ್. ಕಾಗದವನ್ನು ಅದ್ದಿ ನೋಡಿದರೆ ಕಲ್ಲು ಕೆಲಸ ಮಾಡುತ್ತಿದೆಯೆ ಇಲ್ಲವೆ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ.

ಕಲ್ಲೇ ಏಕೆ, ಎಲೆ ಅಡಿಕೆಗೆ ಹಾಕುವ ಸುಣ್ಣವೇ ಏಕಾಗಬಾರದು? ಇಲ್ಲಿ ಒಂದು ಸೂಕ್ಷ್ಮವಿದೆ. ಸುಟ್ಟು ಅರಳಿಸಿದ ಸುಣ್ಣ ತೀಕ್ಷ್ಣ ಕ್ಷಾರ. ಅದರ ತಿಳಿನೀರಿನ ಪಿ.ಎಚ್. 12ಕ್ಕೂ ಮೇಲೆ. ಅಳತೆ ತಪ್ಪಿದರೆ ಹುಳಿಯ ಕಾಟ ಹೋಗಿ ಕ್ಷಾರದ ಕಾಟ ಬರುತ್ತದೆ. ಸುಣ್ಣಕಲ್ಲಾದರೋ ಹುಳಿಯಿದ್ದಷ್ಟು ಹೊತ್ತು ಚುರುಕಾಗಿ ಕರಗಿ, ನೀರು ತಟಸ್ಥವಾಗುತ್ತಲೇ ಕೈಕಟ್ಟಿ ಕೂರುತ್ತದೆ. ಎಷ್ಟು ಹೆಚ್ಚು ಕಲ್ಲು ಹಾಕಿದರೂ ಅತಿಯಾಗುವ ಭಯವಿಲ್ಲ. ಉಣಬಡಿಸಿದರೆ ಹಸಿವಿದ್ದಷ್ಟೇ ಉಣ್ಣುವ ಸಾಧುವಿನ ಗುಣ!

ಇಂಗ್ಲೆಂಡಿನ ತೋಟದ ಮನೆಗಳಲ್ಲಿ ನೆಲಕ್ಕೆ ಬಿಡಬೇಕಾದರೆ, ಮನೆಯ ಅಡಿಪಾಯದಿಂದ ಅರ್ಧ ಮೀಟರಾದರೂ ಆಚೆಗೆ ಗುಂಡಿ ತೋಡಿ, ತೂತುಗಳಿರುವ ಕೊಳವೆಯನ್ನು ನಿಲ್ಲಿಸಿ, ಅದರ ಒಳಹೊರಗೆ ಸುಣ್ಣಕಲ್ಲಿನ ಚೂರು ತುಂಬುತ್ತಾರೆ. ಬಾವಿಯ ಮಗ್ಗುಲಲ್ಲಿ ಈ ಗುಂಡಿ ಸಲ್ಲದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಟಸ್ಥವಾಯಿತೆಂದು ಆ ನೀರನ್ನು ಕುಡಿಯುವುದೂ ಸಲ್ಲದು. ಬಾಯ್ಲರಿನೊಳಗಿನ ಲೋಹಗಳ ಅಂಶ ಕಿಂಚಿತ್ತಾದರೂ ಅದರಲ್ಲಿ ಕರಗಿರುತ್ತದೆ.

ಕಲ್ಲಿನ ಡಬ್ಬಿಯನ್ನು ಮರೆತುಬಿಟ್ಟರೆ ಇನ್ನೊಂದು ತೊಡಕುಂಟು. ಚೂರು ಪುಡಿಯಾಗಿ ದಾರಿ ಕಟ್ಟಿಕೊಂಡರೆ ನೀರು ಹಿಂದಕ್ಕೇರಿ ಬಾಯ್ಲರು ನಿಂತುಹೋಗುತ್ತದೆ. ಅದಕ್ಕೇ ಡಬ್ಬಿ ಬಾಯ್ಲರಿನ ಬಾಯಿಗಿಂತ ಕೆಳಮಟ್ಟದಲ್ಲಿರಬೇಕು. ತುಂಬಿ ಹರಿಯಲು ಒಂದು ಕಂಡಿಯಿರಬೇಕು. 2010ರ ಡಿಸೆಂಬರಿನಲ್ಲಿ ಬ್ರಿಟನ್ನಿಗೆ ಬಂದ ಭೀಕರ ಚಳಿಯಲ್ಲಿ ದಾರಿ ಕಟ್ಟಿದ್ದು ಕಲ್ಲಲ್ಲ, ಮಂಜುಗಡ್ಡೆ. ಮನೆಯ ಹೊರಗೋಡೆಯ ಮೇಲೆ ಹಾಯಿಸಿದ್ದ ಸಪೂರ ಕೊಳವೆಗಳಲ್ಲಿ ಬೆವರು ಹೆಪ್ಪುಗಟ್ಟಿ, ಬೆಂಕಿ ಅತ್ಯಗತ್ಯವಾದ ದಿನಗಳಲ್ಲಿಯೇ ಅಸಂಖ್ಯಾತ ಬಾಯ್ಲರುಗಳು ನಿಂತವು. ಕೊಳವೆಯ ಮೇಲೆ ಬಿಸಿನೀರು ಸುರಿದು ಮಂಜನ್ನು ಕರಗಿಸಬೇಕಾಯಿತು. ಕುದಿಯುವ ನೀರಲ್ಲ, ಕೈ ತಾಳುವಷ್ಟು ಬಿಸಿ. ಇಲ್ಲವಾದರೆ ಪ್ಲಾಸ್ಟಿಕ್ ಬಿರಿದೀತು. ಅಂದಿನಿಂದ ಹೊರಗಿನ ಕೊಳವೆ ದಪ್ಪನಾಗಿ, ಗಿಡ್ಡಗಾಗಿ, ಮೈಮೇಲೆ ಹೊದಿಕೆ ಹೊದ್ದುಕೊಂಡಿರಬೇಕೆಂಬ ಎಚ್ಚರ ಬಲವಾಯಿತು.

ನೀರಿನ ಬಾಗಿಲು

ಬಾಯ್ಲರಿನ ತಳದಲ್ಲಿ ಬೆವರು ಹೊರಡುವ ಕಡೆ ಡೊಂಕಾದ ಒಂದು ಬಾಗು ಇರುತ್ತದೆ. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಆ ನಿಂತ ನೀರೇ ಬಾಗಿಲು: ಬೆವರು ಹೊರಗೆ ಹೋಗಬಹುದು, ಹೊಗೆ ಆ ದಾರಿಯಿಂದ ಮನೆಯೊಳಗೆ ಬರುವಂತಿಲ್ಲ. ಹೊಸ ಬಾಯ್ಲರನ್ನು ಹೊತ್ತಿಸುವ ಮುನ್ನ, ದುರಸ್ತಿಯಾದ ಮೇಲೆ, ಈ ಬಾಗಿನಲ್ಲಿ ನೀರು ತುಂಬಿದೆಯೆ ಎಂದು ನೋಡಲೇಬೇಕು. ಹುಳಿಯ ವಿಷಯದಲ್ಲಿ ತಪ್ಪಿದರೆ ಕೊಳವೆ ಹೋಗುತ್ತದೆ. ಇಲ್ಲಿ ತಪ್ಪಿದರೆ ಜೀವ ಹೋಗಬಹುದು. ಅರೆಬೆಂದ ಉರಿಯಲ್ಲಿ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ.

ಇದು ಕೇವಲ ಸಮುದ್ರದಾಚೆಯ ಮಾತಲ್ಲ. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಸ್ನಾನದ ಕೋಣೆಯೊಳಗೇ ಗ್ಯಾಸ್ ಗೀಸರನ್ನು ತೂಗುಹಾಕಿ, ಬಾಗಿಲು ಭದ್ರಪಡಿಸಿಕೊಂಡು ಸ್ನಾನಕ್ಕಿಳಿದವರು ಹೊರಗೆ ಬಾರದೇ ಹೋದ ಪ್ರಸಂಗಗಳು ಮತ್ತೆ ಮತ್ತೆ ವರದಿಯಾಗಿವೆ. ಆ ಗೀಸರುಗಳು ಬೆವರು ಬಸಿಯುವ ಜಾತಿಯವಲ್ಲ. ಅವುಗಳ ಹೊಗೆ ಕೋಣೆಗೇ ಬರುತ್ತದೆ. ಹೆಂಚಿನ ಸಂದಿನಲ್ಲಿ ಹೊಗೆ ನುಸುಳುವ ಹಳ್ಳಿಯ ಬಚ್ಚಲುಮನೆಯನ್ನು ಕಂಡು ಮೂಗುಮುರಿಯುವವರು, ಆ ಸಂದು ಎಷ್ಟು ಜೀವಗಳನ್ನು ಕಾದಿರಬಹುದೆಂದು ಯೋಚಿಸಿದಂತಿಲ್ಲ. ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವಲ್ಲಿ ಕೂಡಿಸಿ ಬಿಸಿನೀರನ್ನು ಮಾತ್ರ ಒಳಕ್ಕೆ ತರುವುದು ಕಷ್ಟದ ಕೆಲಸವೇನಲ್ಲ.

ಬೆಂಕಿಪುರದ ಬಟ್ಟಿ

ಹಾಲ್ಕುರಿಕೆಯ ಕಂದುನೀರಿಗೆ ಹಿಂದಿರುಗೋಣ. ಸೌದೆಯ ಹೊಗೆಯ ಹುಳಿ ಬೇರೆ ಕುಲದ್ದು. ಮರ, ಮಟ್ಟೆ, ಚಿಪ್ಪುಗಳು ಗಾಳಿ ಸಾಲದೆ ಬೇಯುವಾಗ ಅವುಗಳ ಮೈಯೊಡೆದು ಅಸಿಟಿಕ್ ಆಮ್ಲ ಹೊರಡುತ್ತದೆ. ಅಡುಗೆಯ ವಿನಿಗರಿನಲ್ಲಿರುವ ಹುಳಿಯೇ ಅದು. ಜೊತೆಗೆ ಮರದ ಮದ್ಯಸಾರ, ಡಾಂಬರು, ಫೀನಾಲುಗಳು. ಈ ಹುಳಿನೀರನ್ನು ತಣಿಸಿ, ಹಿಡಿದು, ಸುಣ್ಣ ಕುಡಿಸಿ ಸಾಧುಮಾಡಿದ ದೊಡ್ಡ ಪ್ರಯತ್ನವೊಂದು ಕನ್ನಡ ನಾಡಿನಲ್ಲಿಯೇ ನಡೆದಿತ್ತೆಂಬುದು ಅನೇಕರಿಗೆ ನೆನಪಿಲ್ಲ.

ಭದ್ರಾನದಿಯ ದಂಡೆಯ ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಅಲ್ಲಿ 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ಸಂಕಲ್ಪ. ಅದಿರು ಕೆಮ್ಮಣ್ಣುಗುಂಡಿಯದು, ಅದಿರಿನ ಕಿಟ್ಟ ಕಳೆಯುವ ಸುಣ್ಣಕಲ್ಲು ಭಂಡಿಗುಡ್ಡದ್ದು. ಆದರೆ ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ. ಆದುದರಿಂದ ಮಲೆನಾಡಿನ ಕಾಡಿನ ಮರವನ್ನು ಇದ್ದಲು ಮಾಡಿ ಕುಲುಮೆಗೆ ಉಣಿಸಬೇಕಾಯಿತು. ಮರವನ್ನು ಬಯಲಿನಲ್ಲಿ ಸುಟ್ಟು ಇದ್ದಲು ಮಾಡಿದರೆ ಹೊಗೆಯೆಲ್ಲ ಗಾಳಿಪಾಲು. ಭದ್ರಾವತಿಯಲ್ಲಿ ಹಾಗೆ ಮಾಡದೆ, ಮುಚ್ಚಿದ ಉಕ್ಕಿನ ಕೋಶಗಳಲ್ಲಿ ಮರವನ್ನು ಕಾಯಿಸಿ, ಹೊರಟ ಆವಿಯನ್ನು ತಣಿಸಿ ಹಿಡಿದರು. ತಣಿದಾಗ ದೊರೆತದ್ದು ಅದೇ ಕಂದು ಹುಳಿನೀರು. ಡಾಂಬರನ್ನು ಬೇರ್ಪಡಿಸಿ, ಮರದ ಮದ್ಯಸಾರವನ್ನು ಬಟ್ಟಿಯಿಳಿಸಿ, ಉಳಿದ ಹುಳಿಗೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣ. ವ್ಯಾಪಾರದಲ್ಲಿ ಅದಕ್ಕೆ ಅಸಿಟೇಟ್ ಆಫ್ ಲೈಮ್ ಎಂದು ಹೆಸರು. ಅದನ್ನು ಕಾಯಿಸಿದರೆ ಅಸಿಟೋನ್ ದೊರೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ಸಿಡಿಮದ್ದಿಗೆ ಅಸಿಟೋನ್ ಇಲ್ಲದೆ ಆಗುತ್ತಿರಲಿಲ್ಲ.

ಹುಳಿಯನ್ನು ಬರಿದೆ ಕೊಂದು ಚರಂಡಿಗೆ ಬಿಡದೆ, ಕೊಂದ ಸುಣ್ಣದಿಂದಲೇ ಹಣ ಹುಟ್ಟಿಸುವ ಈ ಉಪಾಯ ಜಾಣತನದ್ದೇ. ಆದರೆ ಕಾಲ ಕೂಡಿಬರಲಿಲ್ಲ. ಭದ್ರಾವತಿಯಲ್ಲಿ ಕೆಲಸ ಆರಂಭವಾದ 1923ರಲ್ಲಿಯೇ ಜರ್ಮನಿಯ ಲೊಯ್ನಾದಲ್ಲಿ, ಮರದ ಹಂಗಿಲ್ಲದೆ ಅನಿಲಗಳಿಂದಲೇ ಅದೇ ಮದ್ಯಸಾರವನ್ನು ಅಗ್ಗವಾಗಿ ತಯಾರಿಸುವ ಕಾರ್ಖಾನೆ ಶುರುವಾಯಿತು. ಕಾರ್ಖಾನೆಯ ಮುಂದಿನ ಚರಿತ್ರೆ ಬೇರೊಂದು ಲೇಖನದ ವಸ್ತು. ಮರ ಬಟ್ಟಿಯಿಳಿಸುವ ಆ ವಿಭಾಗ ಇಂದಿಲ್ಲ.

ಚಿಪ್ಪಿನ ಹೊಗೆ

ಭದ್ರಾವತಿಯನ್ನು ತಿಪಟೂರು ಸೀಮೆಯಲ್ಲಿ ನೆನೆಯಲು ಕಾರಣವಿದೆ. ಇಲ್ಲಿಯ ಉಂಡೆಕೊಬ್ಬರಿಗೆ ದೇಶದಲ್ಲೆಲ್ಲ ಹೆಸರು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಒಳಗೇ ಒಣಗಿದ ಕಾಯಿಯನ್ನು ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದು, ಉಂಡೆಯನ್ನು ಮಾರುಕಟ್ಟೆಗೆ ಕಳಿಸಿದ ಮೇಲೆ ಚಿಪ್ಪು ರಾಶಿರಾಶಿಯಾಗಿ ಉಳಿಯುತ್ತದೆ. ಅದಕ್ಕೂ ಬೆಲೆಯಿದೆ. ಗುಂಡಿಗಳಲ್ಲಿ, ಡ್ರಮ್ಮುಗಳಲ್ಲಿ ಗಾಳಿ ಕಟ್ಟಿ ಸುಟ್ಟರೆ ಗಟ್ಟಿಯಾದ ಇದ್ದಲು. ಆ ಇದ್ದಲನ್ನು ಹಬೆಯಲ್ಲಿ ಹದಗೊಳಿಸಿದರೆ ನೀರನ್ನೂ ಗಾಳಿಯನ್ನೂ ಶುದ್ಧಿಮಾಡುವ, ಚಿನ್ನದ ಗಣಿಯಲ್ಲಿ ಚಿನ್ನವನ್ನು ಹೀರಿ ಹಿಡಿಯುವ ಸಕ್ರಿಯ ಇಂಗಾಲವಾಗುತ್ತದೆ. ದೂರದ ಊರುಗಳ ಕುಡಿಯುವ ನೀರಿನ ಯಂತ್ರಗಳಲ್ಲಿ ಕುಳಿತು ಕೊಳೆ ಹೀರುವುದು ಇಂಥ ಚಿಪ್ಪಿನ ಕರಿ.

ಇದ್ದಲಾಗುವುದು ಚಿಪ್ಪಿನ ತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಉಳಿದ ಎರಡು ಪಾಲು ಹೊಗೆ, ಆವಿ, ಅನಿಲ, ಡಾಂಬರು. ಬಯಲಿನ ಗುಂಡಿಯಲ್ಲಿ ಅದೆಲ್ಲ ನೇರ ಗಾಳಿಗೆ. ಚಿಪ್ಪು ಸುಡುವ ಜಾಗದ ಮಗ್ಗುಲಲ್ಲಿರುವವರ ಕಣ್ಣುರಿ, ಕೆಮ್ಮು, ತೆಂಗಿನ ಗರಿಗಳ ಮೇಲೆ ಕೂರುವ ಜಿಡ್ಡು, ಬೆಳಗಿನ ಮಂಜಿನೊಡನೆ ನೆಲಕ್ಕಿಳಿಯುವ ಹುಳಿ, ಎಲ್ಲವೂ ಆ ಎರಡು ಪಾಲಿನ ಲೆಕ್ಕಕ್ಕೆ ಸೇರಿದವು.

ಇಂಗ್ಲೆಂಡಿನ ಬಾಯ್ಲರಿಗೆ ಸಾಕಾದ ಒಂದು ಡಬ್ಬಿ ಕಲ್ಲು ಇಲ್ಲಿ ಸಾಲದು. ಸುಣ್ಣ ಹುಳಿಯನ್ನಷ್ಟೇ ಕೊಲ್ಲುತ್ತದೆ. ಫೀನಾಲನ್ನೂ ಡಾಂಬರನ್ನೂ ಮುಟ್ಟುವುದಿಲ್ಲ. ಚಿಪ್ಪಿನ ಹುಳಿನೀರನ್ನು ಸುಣ್ಣ ಬೆರೆಸಿದ ಮಾತ್ರಕ್ಕೆ ಕೆರೆಗೋ ಹಳ್ಳಕ್ಕೋ ಬಿಟ್ಟರೆ ಅಪರಾಧವೇ ಸರಿ. ಹೊಗೆಯನ್ನು ತಣಿಸಿ ಹಿಡಿಯುವುದಾದರೆ ಡಾಂಬರು ತಳಕ್ಕೆ ಕೂರುವಷ್ಟು ಕಾಲ ತೊಟ್ಟಿಯಲ್ಲಿ ನಿಲ್ಲಿಸಿ, ಆಮೇಲೆ ತಿಳಿಗೆ ಸುಣ್ಣ ಹಾಕಿ, ಕೊನೆಗೆ ಇದ್ದಲಿನ ಪದರದ ಮೂಲಕ ಸೋಸಬೇಕು. ಚಿಪ್ಪಿನ ಕೊಳೆಗೆ ಚಿಪ್ಪಿನದೇ ಇದ್ದಲು! ಇದಕ್ಕಿಂತ ಸುಲಭವಾದದ್ದು, ಆ ಆವಿಯನ್ನು ತಣಿಯಗೊಡದೆ ಎರಡನೆಯ ಕೋಶಕ್ಕೆ ಹಾಯಿಸಿ ಪೂರ್ತಿ ಉರಿಸಿಬಿಡುವುದು. ಸುಧಾರಿಸಿದ ಇದ್ದಲಗೂಡುಗಳು ಮಾಡುವುದು ಇದನ್ನೇ. ಹುಳಿಯೂ ಡಾಂಬರೂ ಉರಿದು ಶಾಖವಾಗುತ್ತವೆ. ಆ ಶಾಖದಲ್ಲಿ ಕೊಬ್ಬರಿಯನ್ನೋ ಚಿಪ್ಪನ್ನೋ ಒಣಗಿಸಬಹುದು. ಗೂಡು ಕಟ್ಟಿಸಲು ಹಣ ಬೇಕು. ಬಯಲಿನ ಗುಂಡಿಗೆ ಬೇಡ. ತೊಡಕೆಲ್ಲ ಇರುವುದು ಇಲ್ಲಿ, ರಸಾಯನಶಾಸ್ತ್ರದಲ್ಲಿ ಅಲ್ಲ.

ಸುಣ್ಣಕಲ್ಲಿಗಂತೂ ಈ ಸೀಮೆ ದೂರ ಹೋಗಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನ ಶಿಲೆಗಳಲ್ಲಿ ಕಬ್ಬಿಣ ಮ್ಯಾಂಗನೀಸುಗಳ ಜೊತೆಗೆ ಸುಣ್ಣಕಲ್ಲೂ ಇದೆ. ಮನೆಯ ನೀರೊಲೆಗೆ ಅಷ್ಟೂ ಬೇಡ. ಒಲೆಯ ಹೊಗೆಯಲ್ಲಿ ಹುಳಿ ಮೇಲಕ್ಕೆ ಹೋದರೆ, ಕ್ಷಾರ ಕೆಳಗೆ ಬೂದಿಯಲ್ಲಿ ಉಳಿಯುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷಿನ ಅಂಶ ಹೇರಳ. ಹೊಗೆಕೊಳವೆಯ ಬಾಗಿನ ಕೆಳಗೆ ಒಂದು ಹಳೆಯ ಮಡಕೆಯನ್ನಿಟ್ಟು, ಅದರ ತುಂಬ ಅದೇ ಒಲೆಯ ಬೂದಿ ಹಾಕಿಟ್ಟರೆ ತೊಟ್ಟಿಕ್ಕುವ ಕಂದುನೀರಿನ ಹುಳಿ ಅದರಲ್ಲಿಯೇ ಇಂಗಿಹೋಗುತ್ತದೆ. ಡಾಂಬರು ಅಂಟಿದ ಆ ಬೂದಿಯನ್ನು ಪಾತ್ರೆ ಬೆಳಗಲು ತೆಗೆಯಬಾರದು, ಬಾವಿಯ ಕಡೆಗೂ ಒಯ್ಯಬಾರದು. ಒಲೆಯ ಬಾಯಿಂದ ತೆಗೆದ ಒಳ್ಳೆಯ ಬೂದಿ ಮಾತ್ರ ಎಂದಿನಂತೆ ತೆಂಗಿನ ಬುಡಕ್ಕೆ.